ದ್ರೋಹಕ್ಕೊಂದು ವಾಕ್ಯ

೬ ಜನವರಿ

ಪ್ರೀತಿಯ ಕುಳ್ಳಿ,

ಪಾರ್ಸಲು ಬಿಚ್ಚುವ ಮೊದಲು ಈ ಕಾಗದ ಓದು. ಹೇಳಿ ಪ್ರಯೋಜನವಿಲ್ಲ, ಕತ್ತರಿ ಆಗಲೇ ನಿನ್ನ ಕೈಯಲ್ಲಿರುತ್ತದೆ. ಒಳಗಿರುವುದು ನಮ್ಮ ನಿಘಂಟಿನ ನಾಲ್ಕನೇ ಸಂಪುಟ, ‘ತ’ದಿಂದ ‘ನ’ದವರೆಗೆ. ಎರಡೂವರೆ ಕಿಲೋ ತೂಗುತ್ತದೆ. ಕಾಲ ಮೇಲೆ ಬೀಳಿಸಿಕೊಂಡು ಅಕ್ಕನಿಂದ ಹೀಗಾಯಿತು ಅನ್ನಬೇಡ.

ಒಂಬತ್ತು ವರ್ಷ ಹಿಡಿಯಿತು ಇದಕ್ಕೆ. ಶುರುವಿನಲ್ಲಿ ಈ ಸಂಪುಟದ ಚೀಟಿಗಳು ಎರಡು ಡಬ್ಬದಷ್ಟಿದ್ದವು, ಈಗ ಒಂದು ಕೋಣೆ ತುಂಬ ಇವೆ. ನನ್ನ ಪಾಲಿಗೆ ಬಂದದ್ದು ಪ್ರಯೋಗವಾಕ್ಯಗಳು. ಅಂದರೆ ಅರ್ಥ ಕೊಟ್ಟ ಮೇಲೆ, ಆ ಪದವನ್ನು ಜನ ಹೇಗೆ ಬಳಸುತ್ತಾರೆ ಎಂದು ತೋರಿಸಲು ಕೆಳಗೆ ಹಾಕುವ ಸಾಲು. ನಿನಗೆ ಎಷ್ಟೋ ಸಲ ಹೇಳಿದ್ದೇನೆ, ಇನ್ನೊಂದು ಸಲ ಕೇಳು: ನಮ್ಮ ಕಚೇರಿಯಲ್ಲಿ ಯಾರೂ ವಾಕ್ಯ ಕಟ್ಟುವ ಹಾಗಿಲ್ಲ. ಯಾರೋ ಎಲ್ಲೋ ಅದನ್ನು ನಿಜವಾಗಿ ಬರೆದಿರಬೇಕು. ಬರೆದ ಕಾಗದ ‘ಮೂಲ’ ಅಂತ ಕಬ್ಬಿಣದ ಬೀರುವಿನಲ್ಲಿರಬೇಕು, ಅದಕ್ಕೊಂದು ಸಂಖ್ಯೆ ಇರಬೇಕು. ಮನೆಯಲ್ಲಿ ಕೂತು ‘ಹಸುವು ಹಾಲನ್ನು ಕೊಡುತ್ತದೆ’ ಅಂತ ಕಟ್ಟಿಕೊಂಡು ಬಂದವರೊಬ್ಬರನ್ನು ನಮ್ಮ ಸಂಪಾದಕರು ಅವತ್ತೇ ಮನೆಗೆ ಕಳಿಸಿದರು. ಸಂಪಾದಕರಿಗೆ ನಾವಿಟ್ಟ ಹೆಸರು ಪೂರ್ಣವಿರಾಮ. ಅವರು ಬಾಯಿಬಿಟ್ಟ ಮೇಲೆ ಇನ್ಯಾರೂ ಮಾತಾಡುವುದಿಲ್ಲ.

ನಿಮ್ಮ ಅಂಗಡಿಯಲ್ಲಿ ಚಾಳೀಸು ಬಂದವರಿಗೆ ಓದಲು ಕೊಡುವ ಕಾರ್ಡು ಮಾಸಿಹೋಗಿದೆ ಅಂದಿದ್ದೆಯಲ್ಲ. ಅದರ ಬದಲು ಈ ಪುಸ್ತಕ ಕೌಂಟರಿನ ಮೇಲಿಡು. ಇಷ್ಟು ಸಣ್ಣ ಅಚ್ಚು ನಿಮ್ಮೂರಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಇದು ಓದಲು ಬಂತು ಅಂದರೆ ಕನ್ನಡಕ ಸರಿ ಇದೆ ಅಂತಲೇ ಅರ್ಥ.

ನಿನ್ನ ಮನೆಯವರನ್ನು ಕೇಳಿದೆ ಅಂತ ಹೇಳು. ಅಥವಾ ಹೇಳಬೇಡ. ನಿನಗೆ ಸರಿ ಕಂಡ ಹಾಗೆ ಮಾಡು.

ನಿನ್ನ
ಅಕ್ಕ


೨೮ ಜನವರಿ

ಅಕ್ಕ,

ಪುಸ್ತಕ ಬಂತು. ಕಾಲ ಮೇಲೆ ಬೀಳಲಿಲ್ಲ, ಕೌಂಟರಿನ ಗಾಜು ಮಾತ್ರ ಮೂಲೆಯಲ್ಲಿ ಸೀಳುಬಿಟ್ಟಿತು. ಆ ಪಾಪ ನಿನಗೇ.

ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ. ಅಳತೆಯ ಫ್ರೇಮು ಮೂಗಿನ ಮೇಲೆ ಕೂರಿಸಿ, ಗಾಜು ಹಾಕಿ, ಯಾವುದೋ ಒಂದು ಪುಟ ಬಿಡಿಸಿ ‘ಓದಿ’ ಅನ್ನುತ್ತೇನೆ. ಜನ ಕಣ್ಣಿನ ವಿಷಯ ಮರೆತು ಅರ್ಥದ ಮೇಲೆ ತಕರಾರು ತೆಗೆಯುತ್ತಾರೆ. ಪಕ್ಕದ ಬೀದಿಯ ಟೈಲರು ‘ದರ್ಜಿ’ ಎಲ್ಲಿದೆ ಅಂತ ಹುಡುಕುತ್ತ ಅರ್ಧ ಗಂಟೆ ಕೂತ. ಒಬ್ಬ ಅಜ್ಜಿ ‘ನಾದಿನಿ’ ಓದಿ, “ಇಷ್ಟೇನಾ ಬರ್ದಿರೋದು? ನನ್ನ ಕೇಳಿದ್ರೆ ಇನ್ನೂ ಹೇಳ್ತಿದ್ದೆ” ಅಂದಳು. ಮುಂದಿನ ಸಲ ಬಂದಾಗ ಅವಳನ್ನು ಹಿಡಿದುಕೂರಿಸಿ ಚೀಟಿ ಬರೆದುಕೋ.

ಇವರು ಗುರುವಾರ ಫ್ರೇಮು ತರಲು ಹೋಗಿ ಶನಿವಾರ ಬಂದರು. ತಿಂಗಳಿಗೆರಡು ಸಲ ಇರುವುದೇ. ಈ ಸಲದ ಫ್ರೇಮುಗಳೂ ಚೆನ್ನಾಗಿವೆ. ಅವುಗಳನ್ನು ಮಾರುವ ಆ ಹೆಂಗಸಿಗೆ ಒಳ್ಳೆಯ ಕಣ್ಣಿದೆ. ಅವಳ ವಿಷಯ ನನಗೆ ಗೊತ್ತು ಅನ್ನುವುದು ಇವರಿಗೆ ಇನ್ನೂ ಗೊತ್ತಿಲ್ಲ. ಗೊತ್ತಿರುವುದು ನಿನಗೊಬ್ಬಳಿಗೆ. ಅವತ್ತು ನಿನಗೆ ಬರೆದು ಹಗುರಾದೆ, ಆಮೇಲೆ ಯಾರಿಗೂ ಹೇಳಬೇಕು ಅನ್ನಿಸಿಲ್ಲ. ಸಾಕು, ಇದೆಲ್ಲ ಬರೆದರೆ ನೀನು ಊಟ ಬಿಡುತ್ತೀಯ.

ನಿನ್ನ
ಕುಳ್ಳಿ


೧೧ ಮಾರ್ಚ್

ಅಕ್ಕ,

ನಿನ್ನೆ ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಹೊಸ ಕನ್ನಡಕಕ್ಕೆ ಬಂದಿದ್ದರು. ಅಂಗಡಿಯಲ್ಲಿ ಇನ್ನೂ ಐದು ಜನ ಇದ್ದರು. ಇವರು ಒಳಬಾಗಿಲ ಹತ್ತಿರ ಕೂತು ಒಂದು ಫ್ರೇಮಿನ ತಿರುಪು ಬಿಗಿಸುತ್ತಿದ್ದರು. ನಾನು ಪುಸ್ತಕ ಬಿಡಿಸಿ ಕೊಟ್ಟೆ, ಪುಟ ನೋಡಲಿಲ್ಲ. ಮೇಷ್ಟ್ರು ಎದ್ದು ನಿಂತು ಇಡೀ ತರಗತಿಗೆ ಕೇಳುವ ಹಾಗೆ ಓದಿದರು.

“ದ್ರೋಹ. ನಾಮಪದ. ಒಂದು, ನಂಬಿದವರಿಗೆ ಬಗೆಯುವ ಕೇಡು. ಎರಡು, ತನಗೆ ತಾನೇ ಮಾಡಿಕೊಳ್ಳುವ ವಂಚನೆ. ಪ್ರಯೋಗ: ಅವರು ನನಗೆ ಮಾಡಿದ್ದು ಮೋಸ, ಎಲ್ಲ ಗೊತ್ತಿದ್ದೂ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅವರ ಕನ್ನಡಕ ಒರೆಸಿ ಕೈಗೆ ಕೊಡುತ್ತಿದ್ದೇನಲ್ಲ, ಅದು ನನಗೆ ನಾನೇ ಮಾಡಿಕೊಂಡ ದ್ರೋಹ. ಖಾಸಗಿ ಪತ್ರ.”

ಆಮೇಲೆ ಅವರು, “ಚೆನ್ನಾಗಿ ಕಾಣತ್ತಮ್ಮ, ಕಡೇ ಅಕ್ಷರದವರೆಗೂ ಕಾಣತ್ತೆ” ಅಂದರು. ನಾನು ನಂಬರು ಬರೆದುಕೊಂಡೆ. ಎಡಗಣ್ಣು ಎರಡು, ಬಲಗಣ್ಣು ಎರಡೂಕಾಲು.

ಇವರ ಕೈಯಲ್ಲಿದ್ದ ತಿರುಪು ನೆಲಕ್ಕೆ ಬಿತ್ತು. ಹುಡುಕಲಿಲ್ಲ. ತಮ್ಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಅಂಗಿಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ ಅಂತ ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಹೇಳುವ ಮನುಷ್ಯ ಅವರು.

ಅಂಗಡಿ ಮುಚ್ಚಿ ಹದಿನಾರು ಮೆಟ್ಟಿಲು ಹತ್ತಿ ಮನೆಗೆ ಹೋದೆವು. ಊಟ ಆಯಿತು. ಪಾತ್ರೆ ಆಯಿತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತು ಬೆಳಿಗ್ಗೆ ಕನ್ನಡಕವನ್ನು ತಾವೇ ಒರೆಸಿಕೊಂಡರು.

ನಿನ್ನ ಮೇಲೆ ಸಿಟ್ಟು ಬಂದಿಲ್ಲ. ಬರಲಿ ಅಂತ ಕಾದೆ, ಬರಲಿಲ್ಲ. ಕೈ ಮೇಲೆ ತಲೆಯಿಟ್ಟು ಮಲಗಿ ಎದ್ದಾಗ ಆ ಕೈ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿದೆ ಎಲ್ಲ.

ನಾನು ನಿನಗೆ ಇದುವರೆಗೆ ಬರೆದ ಕಾಗದಗಳನ್ನು ವಾಪಸು ಕಳಿಸು. ಎಲ್ಲವನ್ನೂ.

ಇಂತಿ
ಕನ್ನಡಕದ ಅಂಗಡಿ


೧೫ ಮಾರ್ಚ್

ಕುಳ್ಳಿ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಈಗ ನಾಲ್ಕು ಗಂಟೆ. ಇಷ್ಟು ಹೊತ್ತು ಏನು ಮಾಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಪೆನ್ಸಿಲ್ ಹೆರೆದಿದ್ದೇನೆ, ಆರು.

ನೆಪ ಹೇಳುತ್ತಿಲ್ಲ, ನಡೆದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ನಿನ್ನ ಆ ಕಾಗದ ಬಂದ ದಿನ ಓದಿ ಅತ್ತೆ. ಹೊರಟು ಬರಲು ಚೀಲವನ್ನೂ ತೆಗೆದಿಟ್ಟಿದ್ದೆ. ಬರಬೇಡ ಅಂತ ನೀನೇ ಕೊನೆಯಲ್ಲಿ ಬರೆದಿದ್ದೆ. ಮಾರನೇ ದಿನ ಕಚೇರಿಯಲ್ಲಿ ‘ದ್ರೋಹ’ದ ಎರಡನೇ ಅರ್ಥಕ್ಕೆ ವಾಕ್ಯ ಸಿಗದೆ ಎಲ್ಲರೂ ಒದ್ದಾಡುತ್ತಿದ್ದರು. ಇದ್ದದ್ದೆಲ್ಲ ಭಾಷಣದ ಸಾಲುಗಳು, ಒಂದರಲ್ಲೂ ಜೀವವಿರಲಿಲ್ಲ. ನನ್ನ ಚೀಲದಲ್ಲಿ ನಿನ್ನ ಕಾಗದ ಇತ್ತು. ಮೊದಲನೇ ಸಲ ಅದನ್ನು ಅಕ್ಕನಾಗಿ ಓದಿದ್ದೆ, ಎರಡನೇ ಸಲ ಚೀಟಿ ಬರೆಯುವವಳಾಗಿ ಓದಿದೆ. ಇಂಥ ವಾಕ್ಯ ಅಷ್ಟು ವರ್ಷದಲ್ಲಿ ನನ್ನ ಕೈಗೆ ಸಿಕ್ಕಿರಲಿಲ್ಲ. ಹೆಸರು ತೆಗೆದರೆ ವಾಕ್ಯ ಯಾರದ್ದೂ ಅಲ್ಲ, ಭಾಷೆಯದ್ದು ಅಂತ ನಾವಿಲ್ಲಿ ನಂಬಿಕೊಂಡಿದ್ದೇವೆ. ಹಾಗೆ ನಂಬದಿದ್ದರೆ ಈ ಕೆಲಸ ಮಾಡಲು ಆಗುವುದಿಲ್ಲ.

ಪುಸ್ತಕ ಕಳಿಸುವಾಗ ಅದು ಒಳಗಿದೆ ಅನ್ನುವ ನೆನಪೇ ಇರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನೆನಪಿದ್ದು ಕಳಿಸಿದ್ದರೂ ಇದಕ್ಕಿಂತ ವಾಸಿಯಿತ್ತು.

ಆ ಪದದ ಜೊತೆ ಐದು ತಿಂಗಳು ಕಳೆದವಳು ನಾನು. ‘ಮೋಸ ಹೋದೆ’ ಅನ್ನಬಹುದು, ‘ದ್ರೋಹ ಹೋದೆ’ ಅಂತ ಯಾರೂ ಅನ್ನುವುದಿಲ್ಲ. ಮಾಡಿದವನಿಗೆ ಬೇಕಾದಷ್ಟು ಕ್ರಿಯಾಪದಗಳಿವೆ, ಬಗೆದ, ಎಸಗಿದ, ಮಾಡಿದ. ಆದವಳ ಪಾಲಿಗೆ ನೆಟ್ಟಗೆ ಒಂದೂ ಇಲ್ಲ. ಇನ್ನೊಂದು, ದಾರಿಯಲ್ಲಿ ಹೋಗುವವನು ಮೋಸ ಮಾಡಬಹುದು, ದ್ರೋಹ ಮಾಡಲಾರ. ಅದಕ್ಕೆ ಮೊದಲು ನಮ್ಮವರಾಗಿರಬೇಕು. ‘ನಂಬಿದವರಿಗೆ’ ಅನ್ನುವ ಪದವನ್ನು ಅರ್ಥದ ಸಾಲಿಗೆ ಹಟ ಮಾಡಿ ಸೇರಿಸಿದವಳು ನಾನೇ. ನೋಡು, ತಪ್ಪೊಪ್ಪಿಕೊಳ್ಳಲು ಕೂತು ಪಾಠ ಮಾಡುತ್ತಿದ್ದೇನೆ. ಬೇರೆ ರೀತಿ ಮಾತಾಡಲು ನನಗೆ ಬರುವುದಿಲ್ಲ ಅಂತ ನಿನಗೆ ಗೊತ್ತು.

ಕಾಗದಗಳನ್ನು ಕಳಿಸುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಅಕ್ಕ ಅನ್ನಲು ಉಳಿದವಳು ನೀನೊಬ್ಬಳು. ಬೈ, ಏನು ಬೇಕಾದರೂ ಅನ್ನು. ಬರೆಯುವುದನ್ನು ನಿಲ್ಲಿಸಬೇಡ. ನನಗೆ ಬೇಕಾದ್ದು ಅಷ್ಟೇ.

ಅಕ್ಕ


೨೦ ಏಪ್ರಿಲ್

ಕುಳ್ಳಿ,

ಕಳೆದ ಎರಡು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಟಪಾಲಿನವನು ತಪ್ಪು ಬಾಗಿಲಿಗೆ ಹಾಕಿರಬಹುದು ಅಂತ ಪಕ್ಕದ ಮನೆಯಲ್ಲೂ ವಿಚಾರಿಸಿದೆ. ಅವರಿಗೆ ಬಂದದ್ದು ಒಂದು ಮದುವೆ ಕಾಗದ ಮಾತ್ರ.

ಇದರ ಜೊತೆಗಿನ ಕಟ್ಟಿನಲ್ಲಿ ನಿನ್ನ ಕಾಗದಗಳಿವೆ. ಮದುವೆಯಾದ ವಾರದಲ್ಲಿ ಬರೆದದ್ದರಿಂದ ಹಿಡಿದು, ‘ಕನ್ನಡಕದ ಅಂಗಡಿ’ ಅಂತ ಸಹಿ ಹಾಕಿದ್ದರವರೆಗೆ, ಮೂವತ್ತನಾಲ್ಕು. ನಕಲು ಇಟ್ಟುಕೊಂಡಿಲ್ಲ. ಕಟ್ಟುವ ಮೊದಲು ಇನ್ನೊಮ್ಮೆ ಓದೋಣ ಅಂತ ಆಸೆಯಾಯಿತು, ಓದಲಿಲ್ಲ.

ಮೂವತ್ತೈದನೆಯದು, ಅದೇ, ನನ್ನ ಹತ್ತಿರ ಇಲ್ಲ. ಕಚೇರಿಯ ಬೀರುವಿನಲ್ಲಿ ಸಂಖ್ಯೆ ಹಾಕಿದ ಲಕೋಟೆಯಲ್ಲಿದೆ. ಸಂಖ್ಯೆ ಇದೆಯೇ ಅಂತ ನೋಡುತ್ತಾರೆ ಅಷ್ಟೇ, ಒಳಗಿನ ಕಾಗದವನ್ನು ಇದುವರೆಗೆ ಯಾರೂ ಬಿಚ್ಚಿಲ್ಲ. ಈ ಒಂದು ಮಾತಾದರೂ ನಂಬು.

ಸಂಪಾದಕರ ಹತ್ತಿರ ಹೋದೆ. ಆಗಸ್ಟ್ ಕೊನೆಗೆ ಎರಡನೇ ಮುದ್ರಣವಿದೆ, ‘ದ್ರೋಹ’ದ ಆ ವಾಕ್ಯ ತೆಗೆದುಬಿಡೋಣ, ಮೂಲವನ್ನು ಬರೆದವರಿಗೆ ಮರಳಿಸೋಣ ಅಂದೆ. ಯಾರು ಬರೆದದ್ದು ಅಂತ ಹೇಳಲಿಲ್ಲ.

“ಒಳಗೆ ಬಂದ ಮೂಲ ಹೊರಗೆ ಹೋಗಲ್ಲ” ಅಂದರು. “ವಾಕ್ಯ ತೆಗೀಬೇಕಾದ್ರೆ ಅದು ಕಟ್ಟಿದ್ದು ಅಂತ ಗೊತ್ತಾಗ್ಬೇಕು. ಕಟ್ಟಿದ್ದಾ?”

“ಇಲ್ಲ ಸಾರ್” ಅಂದೆ.

“ಮತ್ತೆ?” ಅಂದರು. ಅಲ್ಲಿಗೆ ಮುಗಿಯಿತು.

ಒಂದು ಸಾಲು ಬರೆ. ಕಟ್ಟು ತಲುಪಿತು ಅಂತಲಾದರೂ.

ಅಕ್ಕ


೬ ಮೇ

ಅಕ್ಕ,

ಕಟ್ಟು ತಲುಪಿತು. ಮೂವತ್ತನಾಲ್ಕು. ಅವುಗಳನ್ನು ಏನು ಮಾಡಬೇಕು ಅಂತ ತೋಚಲಿಲ್ಲ, ಹಳೆಯ ಫ್ರೇಮುಗಳ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ನನಗೆ ಬೇಕಾಗಿದ್ದದ್ದು ಉಳಿದ ಒಂದು.

ಮೇಷ್ಟ್ರು ಕನ್ನಡಕ ಒಯ್ಯಲು ಬಂದಾಗ ಅದೇ ಪುಟ ತೆಗೆಯಿರಿ, ಅದು ನನಗೆ ಅಭ್ಯಾಸವಾಗಿದೆ ಅಂದರು. ಪುಟ ಇರಲಿಲ್ಲ. ಬೆನ್ನಿನ ಹತ್ತಿರ ನೀಟಾಗಿ ಕತ್ತರಿಸಿದ್ದಾರೆ. ನಾನು ಕತ್ತರಿಸಿದ್ದಲ್ಲ. ‘ನಲ್ಲಿ’ ತೆಗೆದುಕೊಟ್ಟೆ, ಅದನ್ನೇ ಓದಿದರು.

ಕಳೆದ ವಾರ ಇವರು ಕೊನೆಗೂ ಕೇಳಿದರು, ಮೆಟ್ಟಿಲಿಳಿಯುವಾಗ, ಮುಂದೆ ಹೋಗುತ್ತ. “ಆ ಪುಸ್ತಕದಲ್ಲಿದ್ದದ್ದು ನೀನು ಬರ್ದಿದ್ದಾ?”

“ಯಾವ ಪುಸ್ತಕ?” ಅಂದೆ.

“ಸರಿ” ಅಂದರು. ಇನ್ನೆರಡು ಮೆಟ್ಟಿಲು ಇಳಿದು ಶಟರು ಎತ್ತಿದರು. ನನಗೆ ಹೇಗಿತ್ತೋ ಅವರಿಗೂ ಹಾಗೇ ಇತ್ತು ಅನ್ನಿಸುತ್ತದೆ, ಉತ್ತರ ಬೇಡವಾಗಿತ್ತು. ಗುರುವಾರ ಫ್ರೇಮು ತರಲು ಹೋದರು.

ನೀನು ಅಳುತ್ತೀಯ, ನನಗೆ ಅದೂ ಆಗುತ್ತಿಲ್ಲ. ದಿನಕ್ಕೆ ಎಂಟು ಹತ್ತು ಗಾಜು ಉಜ್ಜುತ್ತೇನೆ. ಕಲ್ಲಿನ ಮೇಲೆ ನೀರು ಬೀಳುತ್ತಿರುತ್ತದೆ, ಅಂಚು ಸರಿಯಾಗಿ ಬಂದಿದೆಯೇ ಅಂತ ಬೆರಳಿನಲ್ಲಿ ಸವರಿ ನೋಡಬೇಕು. ಮೊನ್ನೆ ಬೆರಳು ಕುಯ್ದಿತ್ತು. ರಕ್ತ ಗಾಜಿನ ಮೇಲೆ ಕಂಡಾಗ ಗೊತ್ತಾಯಿತು.

ನಾಲ್ಕು ವರ್ಷ ಬಾಯಿ ಬಿಡದೆ ಇದ್ದವಳು ಅದನ್ನು ಒಂದೇ ಒಂದು ಸಲ, ಒಬ್ಬಳಿಗೆ ಬರೆದೆ. ನೀನು ಅದನ್ನು ಪದದ ಕೆಳಗೆ ಹಾಕಿದೆ. ವಾಕ್ಯ ಚೆನ್ನಾಗಿತ್ತು ಅಂತ ಬರೆದಿದ್ದೀಯ. ಆ ಮಾತನ್ನು ಇನ್ನೊಂದು ಸಲ ಬರೆಯಬೇಡ.

ಇಂತಿ
ಕನ್ನಡಕದ ಅಂಗಡಿ


೩ ಜೂನ್

ಮಾನ್ಯ ಸಂಪಾದಕರಿಗೆ,

ನಾಲ್ಕನೇ ಸಂಪುಟದಲ್ಲಿ ‘ದ್ರೋಹ’ ಪದದ ಎರಡನೇ ಅರ್ಥದ ಕೆಳಗೆ ಕೊಟ್ಟಿರುವ ಪ್ರಯೋಗವಾಕ್ಯ ಯಾರೂ ಬರೆದದ್ದಲ್ಲ. ಅದನ್ನು ನಾನೇ ಕಟ್ಟಿದೆ. ತಕ್ಕ ವಾಕ್ಯ ಸಿಗದ ಕಾರಣ ಹಾಗೆ ಮಾಡಿ, ಇಲ್ಲದ ಮೂಲಕ್ಕೆ ಸಂಖ್ಯೆ ಹಾಕಿದೆ. ಆ ಸಂಖ್ಯೆಯ ಲಕೋಟೆ ಬೀರುವಿನಲ್ಲಿ ಖಾಲಿ ಇದೆ, ತಾವು ನೋಡಬಹುದು.

ಎರಡನೇ ಮುದ್ರಣದಲ್ಲಿ ವಾಕ್ಯವನ್ನು ಕೈಬಿಡಬೇಕೆಂದು ಕೋರುತ್ತೇನೆ. ನಾನು ಆರಿಸಿದ ಉಳಿದ ವಾಕ್ಯಗಳೆಲ್ಲ ನಿಜವಾದವು. ಈ ಮಾತನ್ನು ನಂಬಿ ಎಂದು ಕೇಳುವ ಯೋಗ್ಯತೆ ನನಗೆ ಉಳಿದಿಲ್ಲವೆಂದು ಬಲ್ಲೆ.

ಇಂತಿ ತಮ್ಮ ವಿಧೇಯ
ಪ್ರಯೋಗವಾಕ್ಯ ವಿಭಾಗದ ಸಹಾಯಕ ಸಂಪಾದಕಿ


೨೫ ಜೂನ್

ಕುಳ್ಳಿ,

ಇದರೊಳಗೆ ಎರಡು ಕಾಗದಗಳಿವೆ. ಒಂದು ನಿನ್ನದು, ಮೂವತ್ತೈದನೆಯದು. ಆ ಸಾಲಿನ ಕೆಳಗೆ ಕೆಂಪು ಗೀಟು ಎಳೆದವಳು ನಾನು, ಅಳಿಸಲು ನೋಡಿದೆ, ಕಾಗದ ಹರಿಯುವ ಹಾಗಾಯಿತು, ಬಿಟ್ಟೆ. ಇನ್ನೊಂದು ನಾನು ಕಚೇರಿಗೆ ಬರೆದುಕೊಟ್ಟ ಹೇಳಿಕೆಯ ಪ್ರತಿ. ಓದಿದರೆ ಎಲ್ಲ ಗೊತ್ತಾಗುತ್ತದೆ.

ಬೀರುವಿನ ಬೀಗದಕೈ ಹನ್ನೆರಡು ವರ್ಷದಿಂದ ನನ್ನ ಹತ್ತಿರವೇ ಇತ್ತು. ತೆಗೆದೆ, ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ, ಖಾಲಿ ಲಕೋಟೆಯನ್ನು ಅದರ ಜಾಗದಲ್ಲೇ ಇಟ್ಟೆ. ಇಷ್ಟು ಸುಲಭ ಅಂತ ಗೊತ್ತಿದ್ದರೆ ಮಾರ್ಚಿನಲ್ಲೇ ಮಾಡುತ್ತಿದ್ದೆ. ಸುಳ್ಳು, ಮಾಡುತ್ತಿರಲಿಲ್ಲ. ಮೂರು ತಿಂಗಳು ಬೇಕಾಯಿತು ನನಗೆ.

ಪೂರ್ಣವಿರಾಮ ಹೇಳಿಕೆಯನ್ನು ಎರಡು ಸಲ ಓದಿದರು. “ನೀವಾ?” ಅಂದರು. ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ಬೇಕು ಅಂತ ಕೇಳಿದ್ದು ಅದೊಂದೇ ಇರಬೇಕು. ಹೌದು ಅಂದೆ. ಈಗ ಇಬ್ಬರು ಕಿರಿಯರು ನನ್ನ ಮೇಜಿನಲ್ಲೇ ಕೂತು ನನ್ನ ಒಂಬತ್ತು ಸಾವಿರ ಚೀಟಿಗಳನ್ನು ಒಂದೊಂದಾಗಿ ಮೂಲದ ಜೊತೆ ಹಿಡಿದು ನೋಡುತ್ತಿದ್ದಾರೆ. ಒಂದೂ ಸುಳ್ಳು ಸಿಕ್ಕಿಲ್ಲ, ಸಿಗುವುದೂ ಇಲ್ಲ. ಆದರೂ ಚಹಾ ಹೊತ್ತಿಗೆ ಯಾರೂ ನನ್ನನ್ನು ಕರೆಯುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಒಂದು ವಾಕ್ಯವನ್ನೂ ಕಟ್ಟಲಿಲ್ಲ ಕುಳ್ಳಿ. ಕಟ್ಟಿದ್ದು ಇದೊಂದೇ, ‘ಅದನ್ನು ನಾನೇ ಕಟ್ಟಿದೆ’ ಅನ್ನುವ ವಾಕ್ಯ.

ನನ್ನನ್ನು ಟಪಾಲು ಕೋಣೆಗೆ ಹಾಕಿದ್ದಾರೆ, ಮೆಟ್ಟಿಲ ಕೆಳಗೆ. ಕಚೇರಿಗೆ ಬಂದ ಲಕೋಟೆಗಳನ್ನೆಲ್ಲ ಒಡೆಯಬೇಕು, ಮೊಹರು ಹಾಕಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಆಯಾ ಮೇಜಿಗೆ ಮುಟ್ಟಿಸಬೇಕು, ಬರೆದವರಿಗೆ ತಲುಪಿತೆಂದು ಒಂದು ಕಾರ್ಡು ಹಾಕಬೇಕು. ಊರವರ ಕಾಗದಗಳೆಲ್ಲ ನನ್ನ ಕೈಮೇಲೆ ಹಾದುಹೋಗುತ್ತವೆ, ಇದಕ್ಕಿಂತ ದೊಡ್ಡ ತಮಾಷೆ ಯಾರೂ ಮಾಡಲಾರರು. ನನ್ನ ಹೆಸರಿಗಲ್ಲದ ಕಾಗದವನ್ನು ಓದುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಕಷ್ಟ ಇದೆ.

ಆ ಹೇಳಿಕೆಯನ್ನು ನಿನ್ನ ಮನೆಯವರಿಗೆ ತೋರಿಸು. ಎಲ್ಲ ಅಕ್ಕನ ಕಟ್ಟುಕಥೆ, ತಂಗಿ ಕನ್ನಡಕದ ಅಂಗಡಿಯಲ್ಲಿರುವುದರಿಂದ ಅವಳಿಗೆ ಕನ್ನಡಕ ಹೊಳೆಯಿತು ಅನ್ನು. ನಿನ್ನ ಮನೆ ಮೊದಲಿದ್ದ ಹಾಗೆ ಆಗುತ್ತದೆ. ಮೊದಲಿದ್ದದ್ದು ಒಳ್ಳೆಯದಾಗಿತ್ತೇ ಅಂತ ಕೇಳುವ ಬಾಯಿ ನನಗಿಲ್ಲ. ನಾನು ಕಿತ್ತುಕೊಂಡದ್ದನ್ನು ಕೊಟ್ಟಿದ್ದೇನೆ, ಅಷ್ಟೇ.

ಉತ್ತರ ಕೇಳುವುದಿಲ್ಲ. ಬಂದರೆ ಸಂತೋಷ.

ಅಕ್ಕ


೩೧ ಜುಲೈ

ಮಾನ್ಯ ನಿಘಂಟು ಸಂಪಾದಕರಿಗೆ,

ತಮಗೆ ನನ್ನ ಪರಿಚಯವಿಲ್ಲ. ನಾನು ಕನ್ನಡಕಕ್ಕೆ ಗಾಜು ಉಜ್ಜುವವಳು, ತಮ್ಮ ಕಚೇರಿಯ ಟಪಾಲು ಕೋಣೆಯಲ್ಲಿ ಈಗ ಕೆಲಸ ಮಾಡುತ್ತಿರುವವಳ ತಂಗಿ.

‘ದ್ರೋಹ’ ಪದದ ಕೆಳಗಿನ ವಾಕ್ಯವನ್ನು ತಾನೇ ಕಟ್ಟಿದ್ದು ಎಂದು ನನ್ನ ಅಕ್ಕ ತಮಗೆ ಬರೆದುಕೊಟ್ಟಿದ್ದಾಳೆ. ಅದು ಸುಳ್ಳು. ಆ ವಾಕ್ಯ ನನ್ನದು. ನಾನು ಬರೆದ ಕಾಗದವನ್ನು ಇದಕ್ಕೆ ಪಿನ್ನು ಮಾಡಿದ್ದೇನೆ. ತಮ್ಮ ಸಂಖ್ಯೆ ಅದರ ಮೂಲೆಯಲ್ಲೇ ಇದೆ. ಅಕ್ಕ ಅದನ್ನು ಬೀರುವಿನಿಂದ ತೆಗೆದದ್ದು ನಾನು ಕೇಳಿದ್ದಕ್ಕೆ. ಅವಳು ನನ್ನನ್ನು ಕೇಳದೆ ಅದನ್ನು ಅಚ್ಚು ಹಾಕಿಸಿದಳು, ಅದು ಅವಳ ತಪ್ಪು. ಕಟ್ಟಿದ ವಾಕ್ಯವೆಂದು ಒಪ್ಪಿಕೊಂಡಳಲ್ಲ, ಆ ತಪ್ಪನ್ನು ಅವಳು ಮಾಡಿಲ್ಲ. ಅವಳ ಚೀಟಿಗಳನ್ನು ಇನ್ನು ಪರೀಕ್ಷೆ ಮಾಡಬೇಕಾಗಿಲ್ಲ.

ಇದನ್ನೇಕೆ ಈಗ ಬರೆಯುತ್ತಿದ್ದೇನೆಂದು ತಾವು ಕೇಳಬಹುದು. ಅಕ್ಕನ ಹೇಳಿಕೆಯನ್ನು ಒಂದು ತಿಂಗಳು ಮಡಿಚಿ ಇಟ್ಟುಕೊಂಡಿದ್ದೆ. ಕಳೆದ ಗುರುವಾರ ಬೆಳಿಗ್ಗೆ, ಹೊರಡುವ ಮೊದಲು, ನಮ್ಮ ಯಜಮಾನರಿಗೆ ತೋರಿಸಿದೆ. ಅವರು ನಿಂತೇ ಓದಿದರು. “ನಂಗೊತ್ತಿತ್ತು, ಇದು ನಿಮ್ಮಕ್ಕಂದೇ ಕೆಲಸ” ಅಂದರು. ಮುಖದಲ್ಲಿ ನಾಲ್ಕು ತಿಂಗಳಿಂದ ಇರದಿದ್ದ ಕಳೆ ಬಂತು. ಆಮೇಲೆ ಕನ್ನಡಕ ತೆಗೆದು, ಒರೆಸಿಕೊಡು ಅಂತ ನನ್ನ ಕಡೆ ಚಾಚಿದರು. ಹಳದಿ ಬಟ್ಟೆ ನನ್ನ ಕೈಯಲ್ಲೇ ಇತ್ತು. ಅಷ್ಟು ದಿನ ಏನೂ ಅನ್ನಿಸದೆ ಇದ್ದವಳಿಗೆ ಆಗ ಅನ್ನಿಸಿತು. ನಾನು ಒರೆಸಲಿಲ್ಲ. “ಅದು ನಾನೇ ಬರ್ದಿದ್ದು, ಎಲ್ಲ ನಿಜ” ಅಂದೆ. ಅವರು ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದರು.

ಆದ್ದರಿಂದ ಎರಡನೇ ಮುದ್ರಣದಲ್ಲಿ ಆ ವಾಕ್ಯವನ್ನು ತೆಗೆಯಬೇಡಿ. ನನ್ನ ಒಪ್ಪಿಗೆ ಇದೆ. ನಾನು ಬರೆದಾಗ ನಾಲ್ಕು ವರ್ಷವಾಗಿತ್ತು, ಕೊನೆಗೆ ಏಳಾಯಿತು. ಬರೆದವರು ಬರೆದ ಹಾಗೇ ಇರಬೇಕು, ತಿದ್ದುವಂತಿಲ್ಲ ಎಂಬುದು ತಮ್ಮ ನಿಯಮ ಅಂತ ಅಕ್ಕ ಹೇಳಿದ್ದಳು. ಹಾಗಿದ್ದರೆ ನಾಲ್ಕೇ ಇರಲಿ.

ಕೊನೆಯದಾಗಿ ಒಂದು ಮಾತು, ತಮಗಲ್ಲ. ಈ ಲಕೋಟೆಯನ್ನು ಮೊದಲು ಒಡೆಯುವ ಕೈ ಯಾವುದು ಅಂತ ನನಗೆ ಗೊತ್ತು. ತನ್ನದಲ್ಲದ ಕಾಗದವನ್ನು ಓದುವುದಿಲ್ಲ ಅಂತ ಅವಳು ಬರೆದಿದ್ದಾಳೆ. ಹಾಗೆಲ್ಲ ನಂಬಿಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಸಾಮಾನು ಕಟ್ಟಿಬಂದ ಹಳೇ ಪತ್ರಿಕೆಯನ್ನೂ ಬಿಡದೆ ಓದುವವಳು ಅವಳು, ಇದನ್ನೂ ಓದುತ್ತಾಳೆ. ಅವಳ ಹೆಸರಿಗೆ ಬರೆಯಲು ಕೂತರೆ ಇನ್ನೂ ಕೈ ಏಳುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ, ಆಗಸ್ಟ್ ಹನ್ನೆರಡರ ಸಂಜೆ ನಾಲ್ಕೂವರೆಯ ಬಸ್ಸಿಗೆ ಬರುತ್ತೇನೆ. ಒಂದು ಪೆಟ್ಟಿಗೆ ಇದೆ, ಗಾಜು ಉಜ್ಜುವ ಕಲ್ಲು ಇದೆ. ಕಲ್ಲು ನಿನ್ನ ಪುಸ್ತಕಕ್ಕಿಂತ ಭಾರ, ಒಬ್ಬಳಿಗೆ ಎತ್ತಲಾಗುವುದಿಲ್ಲ. ನೀನು ನಿಲ್ದಾಣದಲ್ಲಿದ್ದರೆ ನಿನ್ನ ಮನೆಗೆ ಬರುತ್ತೇನೆ. ಇಲ್ಲದಿದ್ದರೆ ಕೆಲಸ ಮಾಡುವ ಹೆಂಗಸರ ಒಂದು ಹಾಸ್ಟೆಲಿನ ವಿಳಾಸ ಬರೆದಿಟ್ಟುಕೊಂಡಿದ್ದೇನೆ. ನಿನ್ನ ಮನಸ್ಸು ಹೀಗೆ ಅಂತ ತಿಳಿದುಕೊಳ್ಳುತ್ತೇನೆ, ಇನ್ನು ಬರೆಯುವುದಿಲ್ಲ.

ಸಂಪಾದಕರು ಕ್ಷಮಿಸಬೇಕು.

ಇಂತಿ ತಮ್ಮ ನಂಬುಗೆಯ
ಕುಳ್ಳಿ


೪ ಆಗಸ್ಟ್

ಸ್ವೀಕೃತಿ ಕಾರ್ಡು

ಜುಲೈ ೩೧ರ ಅಂಚೆಮುದ್ರೆಯ ನಿಮ್ಮ ಪತ್ರ ತಲುಪಿದೆ. ಲಗತ್ತು: ಒಂದು. ವಿಷಯ: ––

ಕುಳ್ಳಿ, ಕಚೇರಿಯ ಕಾರ್ಡಿನಲ್ಲಿ ಹೀಗೆಲ್ಲ ಬರೆಯಬಾರದು, ಆದರೂ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನೀನು ಅಂತ ಗೊತ್ತಾಯಿತು. ಸಂಪಾದಕರ ಹೆಸರಿಗಿತ್ತು. ನನ್ನ ಮೇಲೆ ದೂರು ಬರೆದಿದ್ದೀಯ ಅಂದುಕೊಂಡಿದ್ದೇನೆ, ಬರೆಯಬೇಕಾದ್ದೇ. ಒಡೆದೆ. ಹಾಳೆಗಳ ಅಂಚು ಎಣಿಸಿದೆ, ಹೊರಗಡೆ ಮೊಹರು ಹಾಕಿದೆ. ಮಡಿಕೆ ಬಿಚ್ಚಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ, ಅದು ನಿಜ. ರಿಜಿಸ್ಟರಿನಲ್ಲಿ ವಿಷಯ ಅನ್ನುವ ಕಡೆ ಖಾಲಿ ಬಿಟ್ಟೆ. ನಿನ್ನ ಕಾಗದವನ್ನು ಓದದೆ ಬಿಟ್ಟದ್ದು ಇದೇ ಮೊದಲ ಸಲ.

ನಾನೇ ಮೇಲೆ ಹೋಗಿ ಸಂಪಾದಕರ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿಸಿದೆ. ಅವರು ರಜೆಯಲ್ಲಿದ್ದಾರೆ, ಹದಿನೈದನೇ ತಾರೀಖು ಬಂದು ಓದುತ್ತಾರೆ. ಅಲ್ಲಿಯವರೆಗೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ.

ಟಪಾಲು ವಿಭಾಗ